ದೇವನಹಳ್ಳಿಯ ಕೋಟೆಯೂ ಅದರೊಳಗಣ ಊರೂ

ಬೆಂಗಳೂರಿನಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯನ್ನು ಹಿಡಿದು ಬಡಗಣ ದಿಕ್ಕಿಗೆ ಸುಮಾರು ೩೫ ಕಿಲೋಮೀಟರು ಸಾಗಿದರೆ ದೇವನಹಳ್ಳಿಯು ದೊರೆಯುತ್ತದೆ. ದಾರಿಹೋಕರಲ್ಲಿ ಬಹುಮಂದಿ ಈ ಊರನ್ನು ಹೆಸರಿನಿಂದ ಬಲ್ಲರೇ ಹೊರತು ಕಣ್ಣಾರೆ ಕಂಡವರಲ್ಲ. ವಿಮಾನ ಹತ್ತುವವರು ಊರು ಬರುವ ಮೊದಲೇ ಬಲಕ್ಕೆ ಹೊರಳಿಬಿಡುತ್ತಾರೆ. ನಂದಿಬೆಟ್ಟದ ಸೂರ್ಯೋದಯವನ್ನು ನೋಡಹೊರಟವರು ಕತ್ತಲೆಯಲ್ಲಿಯೇ ಊರನ್ನು ಪಕ್ಕಕ್ಕೆ ಬಿಟ್ಟು ಮುಂದೆ ಸಾಗುತ್ತಾರೆ. ಆದರೆ ಹೆದ್ದಾರಿಯ ಗದ್ದಲದಿಂದ ತುಸು ಒಳಸರಿದವನಿಗೆ, ಕಡೆದ ಕಲ್ಲುಗಳನ್ನು ಒಪ್ಪವಾಗಿ ಜೋಡಿಸಿ ಕಟ್ಟಿದ ಎತ್ತರವಾದ ಕೋಟೆಯ ಗೋಡೆ ಇದಿರಾಗುತ್ತದೆ. ಬಾಗಿಲನ್ನು ದಾಟಿ ಒಳಹೊಕ್ಕವನು ಹುಲ್ಲು ಬೆಳೆದ ಬಯಲನ್ನೂ ಮುರಿದ ಗೋಡೆಗಳನ್ನೂ ನಿರೀಕ್ಷಿಸಿದ್ದರೆ ಬೆರಗಾಗಬೇಕಾಗುವುದು. ಅಲ್ಲಿ ಬೀದಿಗಳಿವೆ, ಮನೆಗಳಿವೆ, ಗುಡಿಗಳಿವೆ. ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿಯಿಡುವ ಹೆಂಗಸರೂ ಜಗಲಿಯ ಮೇಲೆ ಕುಳಿತು ಮಾತನಾಡುವ ಮುದುಕರೂ ಇದ್ದಾರೆ. ಕೋಟೆಯು ಇನ್ನೂ ಊರಾಗಿದೆ.

ಬೆಂಗಳೂರಿನ ಕೋಟೆಗೆ ಕೆಂಪೇಗೌಡನು ಗುದ್ದಲಿ ಹಾಕಿಸಿದ್ದು ೧೫೩೭ರಲ್ಲಿ ಎಂದು ಹೇಳುವುದು ವಾಡಿಕೆ. ದೇವನಹಳ್ಳಿಯ ಮೊದಲ ಕೋಟೆಯಾದರೋ ೧೫೦೧ರದು. ಎಂದರೆ ಮೂವತ್ತಾರು ವರ್ಷಗಳಷ್ಟು ಹಿರಿದು. ಈ ಹಿರಿಯ ಊರನ್ನು ಈಚೆಗೆ ಜನರು ಕಿರಿಯ ಊರಿನ ಹೊರವಲಯವೆಂದು ಕರೆಯತೊಡಗಿದ್ದಾರೆ. ಎರಡು ಊರುಗಳ ಹುಟ್ಟೂ ಒಂದೇ ಬುಡದಿಂದ ಆದುದೆಂಬುದನ್ನು ನೆನೆದರೆ ಈ ಮಾತಿನಲ್ಲಿ ಅಡಗಿರುವ ವಿನೋದವು ತಿಳಿಯದಿರದು.

ಆ ಬುಡವೇ ಆವತಿ. ದೇವನಹಳ್ಳಿಯಿಂದ ನಂದಿಯ ಕಡೆಗೆ ಹೋಗುವಾಗ ಹೆದ್ದಾರಿಯ ಮಗ್ಗುಲಲ್ಲಿ ಸಿಕ್ಕುವ ಈ ಹಳ್ಳಿಯನ್ನೂ, ತಿಮ್ಮರಾಯಸ್ವಾಮಿಯ ಗುಡಿಯುಳ್ಳ ಅದರ ಬೆಟ್ಟವನ್ನೂ ಇಂದು ಗಮನಿಸುವವರು ಕಡಿಮೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿಯೋ ಹದಿನೈದನೆಯದರ ಆದಿಯಲ್ಲಿಯೋ ಕಂಚಿಯ ಕಡೆಯಿಂದ ಬಂದ ಮೊರಸು ಒಕ್ಕಲಿಗರ ಒಂದು ತಂಡವು ನಂದಿದುರ್ಗಕ್ಕೆ ಮೂಡಲಾಗಿರುವ ರಾಮಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ತನ್ನ ಬಂಡಿಗಳ ನೊಗವಿಳುಹಿತೆಂದು ಐತಿಹ್ಯವು ಹೇಳುತ್ತದೆ. ತಂಡದ ಹಿರಿಯನು ರಣಭೈರೇಗೌಡ. ಆತನ ಮಗಳು ದೊಡ್ಡಮ್ಮನೆಂಬವಳನ್ನು ಆ ಸೀಮೆಯ ಬಲಿಷ್ಠನಾದ ಅಧಿಕಾರಿಯೊಬ್ಬನು ತನಗೆ ಕೊಡಬೇಕೆಂದು ಬಲಾತ್ಕರಿಸಿದನಂತೆ. ಕೊಡಲೊಲ್ಲದೆಯೂ ಎದುರಿಸಲಾರದೆಯೂ ಆ ಒಕ್ಕಲುಗಳು ರಾತ್ರೋರಾತ್ರಿ ಬಂಡಿ ಕಟ್ಟಿಕೊಂಡು ಹೊರಟರು. ಬೆನ್ನಟ್ಟಿ ಬಂದವರು ಹಿಂದೆ, ತುಂಬಿ ಹರಿಯುವ ಹೊಳೆ ಮುಂದೆ. ಆಗ ದೊಡ್ಡಮ್ಮನು ತನ್ನ ಕಿವಿಯ ಓಲೆಯನ್ನು ನೀರಿಗೆ ಹಾಕಿ ಗಂಗೆಯನ್ನು ಬೇಡಿದಳೆಂದೂ, ಹೊಳೆಯು ಸೀಳಿ ದಾರಿಗೊಟ್ಟಿತೆಂದೂ, ಬಂಡಿಗಳೆಲ್ಲ ದಾಟಿದ ಮೇಲೆ ಮತ್ತೆ ಕೂಡಿಕೊಂಡಿತೆಂದೂ ಹೇಳುತ್ತಾರೆ.

ಹೊಳೆ ಸೀಳಿದ ಕತೆಯನ್ನು ಚರಿತ್ರಕಾರನು ಹಾಗೆಯೇ ಸ್ವೀಕರಿಸಬೇಕಾದುದಿಲ್ಲ. ನಾಡನ್ನು ಬಿಟ್ಟು ಬಂದ ಎಷ್ಟೋ ಜನಾಂಗಗಳು ತಮ್ಮ ವಲಸೆಯ ನೆನಪಿಗೆ ಇಂತಹದೊಂದು ಹೊಳೆಯನ್ನು ಇಟ್ಟುಕೊಂಡಿರುತ್ತವೆ. ಆದರೆ ಕತೆಯಲ್ಲಿ ಬಂಡಿಯು ಬಂದಿರುವುದು ಬರಿಯ ಅಲಂಕಾರವಲ್ಲ. ಮೊರಸು ಒಕ್ಕಲಿಗರಲ್ಲಿ ಬಂಡಿದೇವರ ಪೂಜೆ ಬಹುಕಾಲ ನಡೆದುಬಂದುದು ಪ್ರಸಿದ್ಧವೇ. ಇವರಲ್ಲಿಯೇ ಒಂದು ಪಂಗಡದ ಹೆಂಗಸರು ಹಿರಿಯ ಮಗಳ ಕಿವಿ ಚುಚ್ಚಿಸುವ ಮೊದಲು ತಮ್ಮ ಬಲಗೈಯ ಎರಡು ಬೆರಳುಗಳ ತುದಿಯನ್ನು ಉಳಿಯಿಂದ ಕಡಿಸಿ ದೇವರಿಗೆ ಅರ್ಪಿಸುವ ಘೋರವಾದ ಹರಕೆಯೂ ಇದ್ದಿತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರಿನ ಚರಿತ್ರೆಯನ್ನು ಬರೆದ ಕರ್ನಲ್ ವಿಲ್ಕ್ಸನು ಇದನ್ನು ವಿವರಿಸಿದ್ದಾನೆ. ಸರಕಾರವು ಇದನ್ನು ನಿಷೇಧಿಸಿದ ಬಳಿಕ, ಬೆರಳ ತುದಿಗೆ ಚಿನ್ನದ ಇಲ್ಲವೆ ಬೆಳ್ಳಿಯ ಮುಚ್ಚಳವೊಂದನ್ನು ತೊಡಿಸಿ ಬೆರಳಿಗೆ ಬದಲಾಗಿ ಅದನ್ನೇ ಕಳಚಿ ಒಪ್ಪಿಸುವ ಪದ್ಧತಿ ಬಂದಿತು. ಆವತಿಯ ಪ್ರಭುಗಳನ್ನು ಅರಿಯಬೇಕಾದರೆ ಇಂತಹ ಸಂಗತಿಗಳನ್ನು ಮರೆಯಬಾರದು. ಇವರು ಸೂರ್ಯಚಂದ್ರವಂಶಗಳಿಂದ ಇಳಿದುಬಂದ ಅರಸರೆಂದು ಹೇಳಿಕೊಂಡವರಲ್ಲ. ಭೈರವನ ಒಕ್ಕಲು, ನೇಗಿಲ ಒಕ್ಕಲು. ಕನ್ನಡ ತೆಲುಗುಗಳೆರಡನ್ನೂ ಮನೆಮಾತಾಗಿಸಿಕೊಂಡವರು. ಅವರು ಆಳಿದ ಸೀಮೆಯಲ್ಲಿ ಈ ಎರಡು ನುಡಿಗಳ ಬೆರಕೆ ಇಂದಿಗೂ ಕೇಳಿಬರುತ್ತದೆ.

ಆವತಿಯಲ್ಲಿ ನೆಲೆನಿಂತ ತಂಡವು ಕೆಲಕಾಲದ ಮೇಲೆ ಕವಲೊಡೆಯಿತು. ಅದರೊಂದು ಕವಲಿನ ಜಯಗೌಡನು ಯಲಹಂಕಕ್ಕೆ ಹೋಗಿ ನೆಲಸಿದನು. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡನು ಆತನ ಸಂತತಿಯವನು. ರಣಭೈರೇಗೌಡನ ಮನೆತನದ ಮಲ್ಲಭೈರೇಗೌಡನ ಹೆಸರಿಗೆ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಸ್ಥಾಪನೆಯು ಸಲ್ಲುತ್ತದೆ. ಹುತ್ತವೊಂದರ ಮೇಲೆ ಹಸುವು ದಿನವೂ ಒಂದು ಬಳ್ಳದಷ್ಟು ಹಾಲನ್ನು ಕರೆಯುತ್ತಿದ್ದುದನ್ನು ಕಂಡು ಅಲ್ಲಿ ಊರು ಕಟ್ಟಿದರೆಂಬುದು ದೊಡ್ಡಬಳ್ಳಾಪುರದ ಹೆಸರಿನ ಕತೆ. ದೇವನಹಳ್ಳಿಗೆ ಇಂತಹ ಪವಾಡವೇನೂ ಇಲ್ಲ. ಅಲ್ಲಿ ದೇವನದೊಡ್ಡಿಯೆಂಬ ಹಳ್ಳಿಯಿದ್ದಿತು. ದೇವರಾಯನೆಂಬವನ ಸಮ್ಮತಿಯನ್ನು ಪಡೆದು ಗೌಡನು ಅಲ್ಲಿ ಮಣ್ಣಿನ ಕೋಟೆಯನ್ನು ಹಾಕಿಸಿದನು, ದೊಡ್ಡಿಯು ಹಳ್ಳಿಯಾಯಿತು. ದೊಡ್ಡಿಯೆಂದರೆ ದನಗಳನ್ನು ಕೂಡುವ ಬೇಲಿಯ ಆವರಣ. ಊರಿನ ಮೊದಲ ಹೆಸರು ಅದರ ಮೊದಲ ಬಾಳನ್ನು ಹೇಳುತ್ತದೆ.

ವಿಜಯನಗರದ ಸಿಂಹಾಸನದ ಮೇಲೆ ಆಗ ಸಾಳುವ ವಂಶದ ದೊರೆಯಿದ್ದರೂ ಆಳ್ವಿಕೆಯ ಸೂತ್ರವು ತುಳುವ ನರಸನಾಯಕನ ಕೈಯಲ್ಲಿದ್ದಿತು. ರಾಜಧಾನಿಯು ದೂರದಲ್ಲಿ, ದಂಡು ಇನ್ನೂ ದೂರದಲ್ಲಿ. ಇಂತಹ ಕಾಲದಲ್ಲಿ ಒಬ್ಬ ನಾಡಪ್ರಭುವಿಗೆ ಕೋಟೆಯೆಂದರೆ ವೈಭವವಲ್ಲ, ಕಣಜ. ಈ ಸೀಮೆಯ ಮುಖ್ಯವಾದ ಬೆಳೆ ರಾಗಿ. ಒಣಗಿಸಿದ ರಾಗಿಯನ್ನು ನೆಲದೊಳಗಣ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ನಿಲ್ಲುತ್ತದೆ, ಹುಳು ಹತ್ತುವುದಿಲ್ಲ. ಮಳೆ ಕೈಕೊಟ್ಟ ವರ್ಷ ಊರನ್ನು ಕಾಯುವುದು ಇದೇ; ದಂಡು ಬಂದ ವರ್ಷ ಮೊದಲು ಸುಲಿಗೆಯಾಗುವುದೂ ಇದೇ. ಆದುದರಿಂದ ಹಗೇವು, ಜಾನುವಾರು, ಒಕ್ಕಲು ಇವು ಮೂರನ್ನೂ ಒಳಗಿಟ್ಟುಕೊಂಡು ಸುತ್ತ ಮಣ್ಣಿನ ಗೋಡೆಯನ್ನೂ ಕಂದಕವನ್ನೂ ಹಾಕುವುದು ಅಂದಿನ ಗೌಡನ ರಾಜನೀತಿಯ ಮೊದಲ ಪಾಠವಾಗಿತ್ತು. ಎರಡನೆಯ ಪಾಠವು ಕೆರೆ. ದಕ್ಷಿಣ ಪಿನಾಕಿನಿಯು ನಂದಿಯ ಬೆಟ್ಟಗಳಲ್ಲಿ ಹುಟ್ಟಿ ಈ ತಾಲ್ಲೂಕನ್ನು ಹಾಯ್ದು ಹೊಸಕೋಟೆಯ ಕಡೆಗೆ ಹೋಗುತ್ತದೆಯಾದರೂ ವರ್ಷಪೂರ್ತಿ ಹರಿಯುವ ನದಿಯಲ್ಲ. ಮಳೆಯ ನೀರನ್ನು ಏರಿ ಕಟ್ಟಿ ನಿಲ್ಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆ ಕಾಲದ ದೇವನಹಳ್ಳಿಯಿಂದ ಇಂದಿಗೆ ಉಳಿದುಬಂದಿರುವ ಶ್ರೇಷ್ಠವಾದ ವಸ್ತುವೆಂದರೆ ಕೋಟೆಯೊಳಗಿನ ವೇಣುಗೋಪಾಲಸ್ವಾಮಿಯ ದೇವಸ್ಥಾನ. ವಿಜಯನಗರದ ಮಾದರಿಯ ಕಟ್ಟಡ. ಮುಂದೆ ಗರುಡಗಂಬ, ಸುತ್ತ ವಿಶಾಲವಾದ ಅಂಗಳ. ಹೊರಗೋಡೆಗಳ ಮೇಲೆ ರಾಮಾಯಣದ ಪ್ರಸಂಗಗಳನ್ನೂ ಕೃಷ್ಣನ ಬಾಲಲೀಲೆಗಳನ್ನೂ ಸಾಲುಸಾಲಾಗಿ ಕಂಡರಿಸಿದ್ದಾರೆ. ಇವನ್ನು ಬೇಲೂರು ಹಳೇಬೀಡುಗಳ ಶಿಲ್ಪಕ್ಕೆ ಹೋಲಿಸುವ ಅಭಿಮಾನಿಗಳಿದ್ದಾರೆ. ಅದು ಅಭಿಮಾನದ ಮಾತು. ಹೊಯ್ಸಳ ಶಿಲ್ಪಿಯ ಬಳಪದ ಕಲ್ಲಿನಲ್ಲಿ ಸಾಧ್ಯವಾದ ಕುಸುರಿಯನ್ನು ಬೆಣಚುಕಲ್ಲಿನಿಂದ ಬೇಡುವುದು ನ್ಯಾಯವೂ ಅಲ್ಲ. ಈ ಶಿಲ್ಪದ ಸೊಗಸು ಬೇರೆ ಬಗೆಯದು. ಓದುಬರಹವಿಲ್ಲದವನೂ ಪ್ರದಕ್ಷಿಣೆ ಬರುತ್ತ ಕತೆಯನ್ನು ಗೋಡೆಯ ಮೇಲೆ ಓದಿಕೊಳ್ಳಬಹುದು. ಮನೆಯ ಹಿರಿಯರು ಮಕ್ಕಳ ಕೈಹಿಡಿದು ಇದು ಇಂತಹ ಪ್ರಸಂಗವೆಂದು ತೋರಿಸುತ್ತ ನಡೆಯುವುದಕ್ಕೆ ತಕ್ಕ ಎತ್ತರ, ತಕ್ಕ ಬಿಡಿತನ. ಕೋಟೆಯೊಳಗೆ ಚಂದ್ರಮೌಳೇಶ್ವರ, ನಂಜುಂಡೇಶ್ವರ, ರಂಗನಾಥ ಮೊದಲಾದ ದೇವರ ಗುಡಿಗಳೂ ಉಂಟು.

ಗೌಡರ ಆಳ್ವಿಕೆಯು ಸುಮಾರು ಎರಡೂವರೆ ಶತಮಾನಗಳವರೆಗೆ ನಡೆಯಿತು. ಅದನ್ನು ಮುಗಿಸಿದವನು ಮೈಸೂರಿನ ದಳವಾಯಿ ನಂಜರಾಜಯ್ಯ. ಕೋಟೆಯು ಮೈಸೂರಿನ ವಶವಾದುದು ೧೭೪೭ರಲ್ಲಿ ಎಂದು ಕೆಲವರು ಬರೆದಿದ್ದಾರೆ. ವಿಲ್ಕ್ಸನ ಚರಿತ್ರೆಯನ್ನು ಅನುಸರಿಸುವವರು ೧೭೪೯ ಎನ್ನುತ್ತಾರೆ. ಮುತ್ತಿಗೆಯು ಬೇಗನೆ ಮುಗಿಯಲಿಲ್ಲ. ಕೊನೆಗೆ ಗೌಡನು ಕೋಟೆಯನ್ನು ಬಿಟ್ಟುಕೊಟ್ಟು ಚಿಕ್ಕಬಳ್ಳಾಪುರದ ದಾಯಾದಿಗಳ ಬಳಿಗೆ ಹೊರಟುಹೋದನು. ಇಷ್ಟೇ ಆಗಿದ್ದರೆ ಪಾಳೆಯಪಟ್ಟುಗಳ ನೂರಾರು ಪತನಗಳಲ್ಲಿ ಇದೂ ಒಂದಾಗಿ ಮರೆತುಹೋಗುತ್ತಿತ್ತು. ಆದರೆ ಮುತ್ತಿಗೆ ಹಾಕಿದ ದಂಡಿನಲ್ಲಿ, ಅಣ್ಣ ಶಹಬಾಜನ ಪಡೆಯೊಡನೆ ಸ್ವಂತ ಇಚ್ಛೆಯಿಂದ ಬಂದು ಸೇರಿಕೊಂಡ ಒಬ್ಬ ಸವಾರನಿದ್ದನು. ವಯಸ್ಸು ಮೂವತ್ತರೊಳಗೆ, ಓದುಬರಹ ಬಾರದು, ಅದುವರೆಗೆ ಬೇಟೆಯಲ್ಲಿಯೂ ವಿನೋದದಲ್ಲಿಯೂ ಕಾಲ ಕಳೆದವನೆಂದು ಹೆಸರು. ಎಲ್ಲಿ ಅಪಾಯ ಹೆಚ್ಚೋ ಅಲ್ಲಿ ಅವನು ಮುಂದಿರುತ್ತಿದ್ದುದನ್ನೂ, ಕಾಳಗದ ನಡುವೆ ಅವನ ಮನಸ್ಸು ಅಲುಗದೆ ನಿಲ್ಲುತ್ತಿದ್ದುದನ್ನೂ ನಂಜರಾಜಯ್ಯನು ಕಂಡನು. ಮುತ್ತಿಗೆ ಮುಗಿದ ಮೇಲೆ ಅವನಿಗೆ ಐವತ್ತು ಕುದುರೆ, ಇನ್ನೂರು ಕಾಲಾಳುಗಳ ನಾಯಕತ್ವವೂ ಕೋಟೆಯ ಒಂದು ಬಾಗಿಲಿನ ಕಾವಲೂ ದೊರೆತುವು. ಹೈದರಾಲಿಯ ಏಳಿಗೆ ಆರಂಭವಾದುದು ಹೀಗೆ. ಮೈಸೂರು ರಾಜ್ಯದ ಬಾಗಿಲು ಅವನಿಗೆ ತೆರೆದುದು ದೇವನಹಳ್ಳಿಯ ಬಾಗಿಲಿನಿಂದ.

ಹೈದರನ ಸಂಸಾರವು ಅಲ್ಲಿ ಇದ್ದಾಗಲೇ ಟಿಪ್ಪುವಿನ ಜನನವಾಯಿತು. ೧೭೫೦ನೆಯ ನವೆಂಬರ್ ೨೦ ಎಂಬುದು ಬಹುಮಂದಿ ಒಪ್ಪಿರುವ ದಿನಾಂಕ. ಹಿಜರಿ ಲೆಕ್ಕವನ್ನು ಬೇರೆ ರೀತಿಯಲ್ಲಿ ಕೂಡಿಸಿ ೧೭೫೧ರ ಡಿಸೆಂಬರ್ ಎನ್ನುವವರೂ ಇದ್ದಾರೆ. ತಾಯಿ ಫಕ್ರುನ್ನೀಸಾ ಬೇಗಂ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾನ ದರ್ಗಾದಲ್ಲಿ ಹೊತ್ತ ಹರಕೆಯಿಂದ ಹುಟ್ಟಿದ ಮಗುವೆಂದು ಆ ಸಂತನ ಹೆಸರನ್ನೇ ಇಟ್ಟರು. ಕೋಟೆಯ ಹೊರಗೆ, ಖಾಸಬಾಗೆಂದು ಕರೆಯುವ ಜಾಗದಲ್ಲಿ, ಆಳೆತ್ತರದ ಕಲ್ಲುಕಂಬಗಳ ನಡುವೆ ಒಂದು ಶಿಲಾಫಲಕವನ್ನು ನಿಲ್ಲಿಸಿ ಜನ್ಮಸ್ಥಾನವೆಂದು ಗುರುತು ಮಾಡಿದ್ದಾರೆ. ಕೋಟೆಯಂತೆಯೇ ಇದೂ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಹತ್ತಿರದಲ್ಲಿ ಬತ್ತಿದ ಕೊಳವೊಂದು, ಹುಣಸೆ ಮಾವುಗಳು. ಅರಮನೆಯ ಕಲ್ಪನೆಯನ್ನು ತಲೆಯಲ್ಲಿ ಹೊತ್ತು ಬಂದವರಿಗೆ ಇದು ನಿರಾಶೆಯನ್ನುಂಟುಮಾಡುತ್ತದೆ. ಆದರೆ ೧೭೫೦ರಲ್ಲಿ ಹೈದರನು ಸುಲ್ತಾನನಾಗಿರಲಿಲ್ಲ; ಇನ್ನೂರೈವತ್ತು ಮಂದಿಯ ನಾಯಕ. ಜಾಗದ ಸಣ್ಣತನವು ಚರಿತ್ರೆಗೆ ಒಪ್ಪುವಂತಹದೇ ಆಗಿದೆ.

ಮುಂದೆ ರಾಜ್ಯವು ಕೈಗೆ ಬಂದ ಮೇಲೆ ಮಣ್ಣಿನ ಕೋಟೆಗೆ ಕಲ್ಲಿನ ಮೈ ಬಂದಿತು. ಈಗ ಕಾಣುವುದು ಹೈದರ್ ಟಿಪ್ಪುಗಳ ಕಾಲದ ಈ ಕಟ್ಟಡ. ಮೊಟ್ಟೆಯಾಕಾರದ ಸುತ್ತುಗೋಡೆ, ಮೂಡಣ ಪಡುವಣಗಳಲ್ಲಿ ಬಾಗಿಲು, ಹನ್ನೆರಡು ಅರೆವೃತ್ತದ ಬುರುಜುಗಳು. ಬುರುಜಿನ ಮೇಲೆ ಇಟ್ಟಿಗೆ ಗಾರೆಗಳಿಂದ ಕಟ್ಟಿದ ಫಿರಂಗಿಯ ಕಂಡಿಗಳು. ಒಳಬದಿಯಲ್ಲಿ ಸಿಪಾಯಿಗಳು ಓಡಾಡುವಷ್ಟು ಅಗಲವಾದ ದಾರಿ. ಒಳಗಣ ನೆಲ ಸುಮಾರು ಇಪ್ಪತ್ತು ಎಕರೆ. ಬಾಗಿಲುಗಳ ಮೇಲೆ ಗಾರೆಯ ಹೂಬಳ್ಳಿಗಳಿವೆ. ಕುದುರೆಯ ಸವಾರನು ನಿರಾಯಾಸವಾಗಿ ಹೋಗಬಲ್ಲ, ಇಂದಿನ ದೊಡ್ಡ ಲಾರಿಯು ಹೋಗಲಾರದ ಅಳತೆ. ಕೋಟೆಯೊಳಗಣ ಊರು ಉಳಿದುಕೊಂಡುದಕ್ಕೆ ಈ ಇಕ್ಕಟ್ಟಾದ ಬಾಗಿಲೂ ಒಂದು ಕಾರಣವೆಂದರೆ ಅದು ಬರಿಯ ತಮಾಷೆಯ ಮಾತಾಗದು. ಒಳಗೆ ದಿವಾನ್ ಪೂರ್ಣಯ್ಯನವರದೆಂದು ಊರಿನವರು ತೋರಿಸುವ ಮನೆಯೂ ಇದೆ.

ಟಿಪ್ಪು ಸುಲ್ತಾನನು ತನ್ನ ಹುಟ್ಟೂರಿಗೆ ಯೂಸುಫಾಬಾದ್ ಎಂಬ ಹೆಸರನ್ನು ಕೊಟ್ಟನು. ಪುರುಷರಲ್ಲಿ ಅತಿ ಸುಂದರನೆನಿಸಿದ ಯೂಸುಫನ ನೆಲೆಯೆಂದು ಅರ್ಥ. ಹೆಸರು ಕಾಗದಪತ್ರಗಳನ್ನು ದಾಟಿ ಸಂತೆಗೆ ಇಳಿಯಲಿಲ್ಲ. ಮೈಸೂರಿನಲ್ಲಿ ನಜರಬಾದ್ ಎಂಬುದು ಒಂದು ಬಡಾವಣೆಯ ಹೆಸರಾಗಿ ಉಳಿಯಿತು. ಇಲ್ಲಿ ಅಷ್ಟೂ ಉಳಿಯಲಿಲ್ಲ. ದೊರೆಗಳು ಇಡುವ ಹೆಸರನ್ನು ಒಕ್ಕಲುಗಳು ಬಳಸಿದರೆ ಉಂಟು. ದನದ ದೊಡ್ಡಿಯಿಂದ ಬಂದ ಹೆಸರು ಗೆದ್ದಿತು.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮರಾಠರು ಹಲವು ಸಲ ಈ ಸೀಮೆಯನ್ನು ತುಳಿದರು; ಕೋಟೆಯು ಕೈಯಿಂದ ಕೈಗೆ ಹೋಯಿತು. ಕೊನೆಯ ಸಲ ಹೋದುದು ೧೭೯೧ರಲ್ಲಿ. ಆ ವರ್ಷದ ಮಾರ್ಚ್ ೨೧ರ ರಾತ್ರಿ ಬೆಂಗಳೂರಿನ ಕೋಟೆಯನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸನು ನಿಜಾಮನ ಕುದುರೆಯ ದಂಡನ್ನು ಕೂಡಿಕೊಳ್ಳಲು ಬಡಗಲಿಗೆ ನಡೆದಾಗ ದೇವನಹಳ್ಳಿಯು ಅವನ ವಶವಾಯಿತು. ಅಕ್ಟೋಬರ್ ೧೯ರಂದು ನಂದಿದುರ್ಗವೂ ಬಿದ್ದಿತು. ಶ್ರೀರಂಗಪಟ್ಟಣದ ಪತನವಾದ ೧೭೯೯ರ ಬಳಿಕ ದೇವನಹಳ್ಳಿಗೆ ದಂಡೂ ಬರಲಿಲ್ಲ, ದೊರೆಯೂ ಬರಲಿಲ್ಲ.

ಊರನ್ನು ಕಾಪಾಡಿದುದು ಇದೇ ಮರವೆ. ಅಧಿಕಾರವು ಬೆಂಗಳೂರಿಗೆ ಸರಿಯಿತು. ಅಲ್ಲಿ ಬೇಕಾದ ರಸ್ತೆಗೂ ಆಸ್ಪತ್ರೆಗೂ ಕಚೇರಿಗೂ ಜಾಗ ಮಾಡಿಕೊಡುವುದಕ್ಕಾಗಿ ಅದರ ಕೋಟೆಯನ್ನು ತುಂಡುತುಂಡಾಗಿ ಕೆಡವಿದರು. ಹೈದರನು ಕಲ್ಲಿನಿಂದ ಕಟ್ಟಿಸಿದ ಆ ಪ್ರಸಿದ್ಧವಾದ ಕೋಟೆಯಲ್ಲಿ ಇಂದು ಒಂದು ಹೆಬ್ಬಾಗಿಲೂ ಅದರ ಆಸುಪಾಸಿನ ಸ್ವಲ್ಪ ಗೋಡೆಯೂ ಉಳಿದಿವೆ. ದೊಡ್ಡಬಳ್ಳಾಪುರವು ಮಗ್ಗದ ಊರಾಗಿ ಬೆಳೆದು ತನ್ನ ಕೋಟೆಯನ್ನು ಮರೆಯಿತು. ಸುಗಟೂರಿನ ತಮ್ಮೇಗೌಡನು ಹದಿನಾರನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಹೊಸಕೋಟೆಯಲ್ಲಿ ಅವಿಮುಕ್ತೇಶ್ವರನ ಗುಡಿಯೂ ದೊಡ್ಡ ಕೆರೆಯೂ ನಿಂತವು. ಹೆಸರಿಗೆ ಕಾರಣವಾದ ಕೋಟೆಯೇ ಹೋಯಿತು. ದೇವನಹಳ್ಳಿಗಾದರೋ ತನ್ನ ಗೋಡೆಯನ್ನು ಕೆಡವುವಷ್ಟು ಸಂಪತ್ತು ಎಂದೂ ಬರಲಿಲ್ಲ. ಹಳೆಯ ಊರುಗಳ ಪಾಲಿಗೆ ಬಡತನವು ಎಷ್ಟೋ ವೇಳೆ ಪುರಾತತ್ತ್ವ ಇಲಾಖೆಗಿಂತ ಒಳ್ಳೆಯ ಕಾವಲುಗಾರ.

ಇಪ್ಪತ್ತನೆಯ ಶತಮಾನವು ಊರಿಗೆ ಮೆಲ್ಲನೆ ಬಂದಿತು. ಅದರ ಎರಡನೆಯ ದಶಕದಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಚಿಕ್ಕ ಹಳಿಯ ರೈಲನ್ನು ಹಾಕಿದರು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿಹಾಲ್ಟ್ ಎಂದು ಪುಟ್ಟಪುಟ್ಟ ಕಲ್ಲುಕಟ್ಟಡದ ನಿಲ್ದಾಣಗಳು ಎದ್ದವು. ತಾಲ್ಲೂಕಿನ ಒಕ್ಕಲುಗಳಿಗೆ ರಾಗಿಯ ಜೊತೆಗೆ ಹಿಪ್ಪುನೇರಳೆಯೂ ರೇಷ್ಮೆಯ ಗೂಡೂ ಬಂದುವು. ವಡಿಗೇನಹಳ್ಳಿಯೆಂದು ಹಿಂದೆ ಕರೆಯುತ್ತಿದ್ದ ವಿಜಯಪುರವು ಗೂಡಿನ ಪೇಟೆಯಾಯಿತು. ಆಮೇಲೆ ದ್ರಾಕ್ಷಿಯ ಚಪ್ಪರಗಳೂ ಎದ್ದವು. ಆದರೆ ದೇವನಹಳ್ಳಿಯ ಹೆಸರನ್ನು ನಾಲಗೆಯ ಮೇಲೆ ನಿಲ್ಲಿಸಿದ ಹಣ್ಣು ಚಕ್ಕೋತ. ಬೇರೆಡೆಯ ಚಕ್ಕೋತದಲ್ಲಿ ಸಿಪ್ಪೆಯ ಕಹಿ ತೊಳೆಗೂ ತಗಲಿರುತ್ತದೆ. ಇಲ್ಲಿನದು ನಸುಗೆಂಪಾದ ತೊಳೆಯುಳ್ಳದ್ದು, ಕಹಿಯಿಲ್ಲದ ಸಿಹಿ. ಮಣ್ಣಿನ ಗುಣವೆಂದು ಬೆಳೆಗಾರರ ನಂಬಿಕೆ. ಹಿತ್ತಲಲ್ಲಿ ನಾಲ್ಕು ಗಿಡವಿದ್ದ ಮನೆಗೆ ಹಬ್ಬದ ಖರ್ಚಿನ ಚಿಂತೆಯಿರಲಿಲ್ಲ. ಈ ಹಣ್ಣಿಗೆ ಈಗ ಭೌಗೋಳಿಕ ಗುರುತಿನ ಸರಕಾರಿ ಮಾನ್ಯತೆಯೂ ಸಿಕ್ಕಿದೆ. ಮಾನ್ಯತೆ ಬರುವ ಹೊತ್ತಿಗೆ ತೋಟಗಳು ವಿರಳವಾಗಿದ್ದುವೆಂಬುದನ್ನೂ ಹೇಳಬೇಕು.

ಚೈತ್ರ ವೈಶಾಖಗಳ ಕಾಲದಲ್ಲಿ ಮೌಕ್ತಿಕಾಂಬೆಯ ಕರಗವು ಊರನ್ನು ಎಚ್ಚರವಾಗಿರಿಸುತ್ತದೆ. ಹೂವು ತರಕಾರಿಗಳ ತೋಟವನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ತಿಗಳರ ಹಬ್ಬವಿದು. ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ತಲೆಯ ಮೇಲೆ ಹೊತ್ತವನು ರಾತ್ರಿಯೆಲ್ಲ ಬೀದಿಬೀದಿಗಳಲ್ಲಿ ನಡೆಯುತ್ತಾನೆ. ವೀರಕುಮಾರರು ಕತ್ತಿ ಹಿಡಿದು ಜೊತೆಗೂಡುತ್ತಾರೆ. ಬೆಂಗಳೂರಿನ ಕರಗಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಇಲ್ಲಿ ಊರು ಸೇರುತ್ತದೆ. ೧೯೩೬ನೆಯ ಫೆಬ್ರವರಿ ೫ರಂದು ಇದೇ ದೇವನಹಳ್ಳಿಯಲ್ಲಿ ಕವಿ ಕೆ. ಎಸ್. ನಿಸಾರ್ ಅಹಮದರು ಹುಟ್ಟಿದರು. ‘ನಿತ್ಯೋತ್ಸವ’ದ ಕವಿ ಇಂತಹ ಊರಿನವರೆಂಬುದು ಆಕಸ್ಮಿಕವಿರಬಹುದು, ಆದರೆ ಕೋಟೆಯ ಒಳಗೆ ವೇಣುಗೋಪಾಲನನ್ನೂ ಹೊರಗೆ ಟಿಪ್ಪುವಿನ ತೊಟ್ಟಿಲನ್ನೂ ಇಟ್ಟುಕೊಂಡ ಊರಿಗೆ ಆ ಕವಿಯು ಚೆನ್ನಾಗಿ ಒಪ್ಪುತ್ತಾರೆ.

೧೯೮೬ರಲ್ಲಿ ಬೆಂಗಳೂರು ಜಿಲ್ಲೆಯು ಎರಡಾಗಿ ಗ್ರಾಮಾಂತರ ಜಿಲ್ಲೆ ಏರ್ಪಟ್ಟಿತು. ಅದಕ್ಕಿಂತ ಮಿಗಿಲಾದ ಬದಲಾವಣೆ ಬಂದುದು ೨೦೦೮ನೆಯ ಮೇ ೨೪ರಂದು. ಆ ದಿನ ಸುಮಾರು ನಾಲ್ಕು ಸಾವಿರ ಎಕರೆಯ ಮೇಲೆ ಹರಡಿದ ಹೊಸ ವಿಮಾನನಿಲ್ದಾಣವು ತೆರೆಯಿತು. ಅರಿಸಿನಕುಂಟೆ, ಗಂಗಮುತ್ತನಹಳ್ಳಿ ಮೊದಲಾದ ಹಳ್ಳಿಗಳ ಜನ ಮನೆಮಾರುಗಳನ್ನು ಬಿಟ್ಟು ಹೊರಟಿದ್ದರು. ೨೦೧೩ರಲ್ಲಿ ನಿಲ್ದಾಣಕ್ಕೆ ಕೆಂಪೇಗೌಡನ ಹೆಸರಿಟ್ಟರು. ೨೦೨೨ನೆಯ ನವೆಂಬರ್ ೧೧ರಂದು ೧೦೮ ಅಡಿ ಎತ್ತರದ ಅವನ ಕಂಚಿನ ವಿಗ್ರಹವನ್ನು ಅಲ್ಲಿ ಅನಾವರಣ ಮಾಡಿದರು. ಆವತಿಯಿಂದ ಯಲಹಂಕಕ್ಕೆ ಹೋದ ಕವಲಿನ ಮಗನು ಹೀಗೆ ಹಿರಿಯರ ಸೀಮೆಗೆ ಮರಳಿದಂತಾಯಿತು. ಎರಡು ಶತಮಾನಗಳ 'ಮರವೆ' ಎಂಬ ಕಾವಲುಗಾರನು ಅಂದಿನಿಂದ ಕೆಲಸ ಬಿಟ್ಟಿದ್ದಾನೆ. ೨೦೧೧ರ ಗಣತಿಯಲ್ಲಿ ಸುಮಾರು ೨೮ ಸಾವಿರ ಜನರಿದ್ದ ಪಟ್ಟಣದ ಸುತ್ತ ಹೊಲಗಳು ನಿವೇಶನಗಳಾದುವು. ಗುಂಟೆಯ ಬೆಲೆ ಚದರಡಿಯ ಬೆಲೆಯಾಯಿತು.

ಇಂತಹ ಸಮಯದಲ್ಲಿ ಗೋಡೆಯನ್ನೂ ಫಲಕವನ್ನೂ ರಕ್ಷಿಸಿದರೆ ಊರಿನ ಹಳೆಯ ಸ್ವರೂಪವನ್ನು ರಕ್ಷಿಸಿದಂತೆಯೇ ಎಂಬ ಭಾವನೆ ಸಾಮಾನ್ಯ. ಅದು ಅರ್ಧ ಸತ್ಯ. ಕೋಟೆಯನ್ನು ಕಟ್ಟಿದುದು ಸುತ್ತಣ ಒಕ್ಕಲಿನ ರಾಗಿಯನ್ನು ಕಾಯುವುದಕ್ಕೆ. ಹೊಲಗಳು ಹೋದ ಮೇಲೆ ಕೋಟೆಯು ಕಲ್ಲಿನ ಒಂದು ಸುತ್ತು ಮಾತ್ರ. ಈ ಮಾತನ್ನು ವಿದ್ವಾಂಸರಿಗಿಂತ ಸ್ಪಷ್ಟವಾಗಿ ಹೇಳಿದವರು ಚನ್ನರಾಯಪಟ್ಟಣ ಹೋಬಳಿಯ ರೈತರು. ಪಾಳ್ಯ, ಹರಳೂರು, ಪೋಲನಹಳ್ಳಿ, ನಲ್ಲೂರು ಮೊದಲಾದ ಹದಿಮೂರು ಹಳ್ಳಿಗಳ ೧,೭೭೭ ಎಕರೆಯನ್ನು ವಿಮಾನೋದ್ಯಮದ ಕೈಗಾರಿಕೆಗಳಿಗಾಗಿ ವಶಪಡಿಸಿಕೊಳ್ಳಲು ಸರಕಾರವು ಮುಂದಾದಾಗ, ೨೦೨೨ರ ಏಪ್ರಿಲಿನಲ್ಲಿ ಅವರು ಧರಣಿ ಕುಳಿತರು. ಮೂರು ವರ್ಷಗಳಿಗೂ ಮಿಕ್ಕಿ ಎದ್ದೇಳಲಿಲ್ಲ. ಎಕರೆಗೆ ಬರುವ ಹಣದ ಮೊತ್ತವನ್ನು ಕೇಳಿಯೂ ಒಲ್ಲೆವೆಂದವರ ಹಟವು ಪೇಟೆಯ ಜನಕ್ಕೆ ಅರ್ಥವಾಗಲಿಲ್ಲ. ಮಾರಲು ಒಪ್ಪಿದ ರೈತರೂ ಅಲ್ಲಿ ಇಲ್ಲದಿರಲಿಲ್ಲ. ಅವರ ಕಷ್ಟವೂ ಸುಳ್ಳಲ್ಲ. ೨೦೨೫ನೆಯ ಜುಲೈ ೧೫ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ತಾವಾಗಿ ಕೊಡಲು ಬಂದವರ ನೆಲವನ್ನು ಮಾತ್ರ ಕೊಳ್ಳುವುದೆಂದಾಯಿತು. ಆವತಿಯ ಒಕ್ಕಲುಗಳು ಬಲವಂತಕ್ಕೆ ಬಂಡಿ ಕಟ್ಟಿದ್ದರು. ಇವರು ಬಂಡಿ ಕಟ್ಟಲಿಲ್ಲ.

ಇದೇ ನಲ್ಲೂರಿನಲ್ಲಿ ಐವತ್ತನಾಲ್ಕು ಎಕರೆಯ ಹುಣಸೆಯ ತೋಪಿದೆ. ಸುಮಾರು ಮುನ್ನೂರು ಮರಗಳು. ಅವುಗಳಲ್ಲಿ ಹಳೆಯವು ನಾನೂರು ವರ್ಷದ ಆಸುಪಾಸಿನವೆಂದು ಲೆಕ್ಕ ಹಾಕಿದ್ದಾರೆ. ನಡುವೆ ಪಾಳುಬಿದ್ದ ಗುಡಿಯ ಕಲ್ಲುಗಳು. ಚೋಳರ ಕಾಲದ ತೋಪೆಂಬುದು ಊರಿನ ನಂಬಿಕೆ. ೨೦೦೭ರಲ್ಲಿ ಇದನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಸರಕಾರವು ಘೋಷಿಸಿತು. ಇಡೀ ಭಾರತದಲ್ಲಿ ಆ ಗೌರವವನ್ನು ಪಡೆದ ಮೊದಲ ಜಾಗವಿದು. ಹಾಗೆಯೇ ಚಿಕ್ಕ ಹಳಿಯು ಹೋಗಿ ದೊಡ್ಡ ಹಳಿ ಬಂದ ಮೇಲೆ ಪಾಳುಬಿದ್ದಿದ್ದ ರೈಲುನಿಲ್ದಾಣದ ಹಳೆಯ ಕಟ್ಟಡಗಳನ್ನು ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯವರು ಈಚಿನ ವರ್ಷಗಳಲ್ಲಿ ಸರಿಪಡಿಸಿದ್ದಾರೆ.

ಇವೆಲ್ಲಕ್ಕಿಂತ ದಿನದಿನದ ಬಾಳಿಗೆ ಹತ್ತಿರವಾದುದು ಊರಿನ ಸಿಹಿನೀರು ಕೆರೆಯ ಸಂಗತಿ. ಹೆಸರೇ ಹೇಳುವಂತೆ ಒಂದು ಕಾಲಕ್ಕೆ ಊರೆಲ್ಲ ಕುಡಿಯುತ್ತಿದ್ದುದು ಆ ಕೆರೆಯ ಮಗ್ಗುಲಿನ ತೆರೆದ ಬಾವಿಯ ನೀರನ್ನು. ಕೊಳವೆಬಾವಿಗಳು ನೂರಾರು ಅಡಿ ಇಳಿದಂತೆ ಕೆರೆಯೂ ಬಾವಿಯೂ ಬತ್ತಿದುವು. ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಿಂದ ಬೆಂಗಳೂರಿನ ಬಳಸಿದ ನೀರನ್ನು ಶುದ್ಧಿಮಾಡಿ ಬಾಗಲೂರಿನ ಕೆರೆಯ ಮೂಲಕ ಇಲ್ಲಿಗೆ ಹರಿಸಿದ ಮೇಲೆ ಕೆರೆ ತುಂಬಿತು. ನೆಲದಲ್ಲಿ ಇಂಗಿ ಸೋಸಿದ ನೀರು ಹಳೆಯ ಬಾವಿಯಲ್ಲಿ ಮತ್ತೆ ಮೇಲೆದ್ದಿತು. ಹೂಳೆತ್ತಿ ಬಾವಿಯನ್ನು ದುರಸ್ತಿಗೊಳಿಸಿ, ಅದರ ನೀರನ್ನು ಇನ್ನೊಮ್ಮೆ ಶೋಧಿಸಿ ಮನೆಗಳಿಗೆ ಬಿಡುವ ಏರ್ಪಾಡನ್ನು ಪುರಸಭೆಯು ಮಾಡಿಕೊಂಡಿತು. ದೊಡ್ಡ ಊರು ಬಳಸಿ ಬಿಟ್ಟ ನೀರೆಂದು ಮೊದಲು ಮುಖ ಸಿಂಡರಿಸಿದವರುಂಟು. ಈಗ ಕೆರೆಯ ಏರಿಯ ಮೇಲೆ ಸಂಜೆಯ ಹೊತ್ತು ಜನರು ತಿರುಗಾಡುತ್ತಾರೆ. ನೆತ್ತಿಯ ಮೇಲೆ ವಿಮಾನಗಳು ಇಳಿಯುತ್ತಿರುತ್ತವೆ.